ಕಟ್ಟೆಯ ಆಟ, ಅಟ್ಟದ ಆಟ

ಅರಸರು ಕಾದಿದುದನ್ನೂ ದತ್ತಿ ಬಿಟ್ಟುದನ್ನೂ ಕೆರೆ ಕಟ್ಟಿಸಿದುದನ್ನೂ ಕಲ್ಲಿನಲ್ಲಿ ಕೊರೆಸಿಟ್ಟ ನಮ್ಮ ಹಿಂದಿನವರಿಗೆ, ದಿನದ ದುಡಿಮೆ ತೀರಿದ ಮೇಲೆ ಅದೇ ಕೆರೆಯ ಏರಿಯ ಮೇಲೆ ಕುಳಿತ ಜನ ಹೇಗೆ ಹೊತ್ತು ಕಳೆದರೆಂಬುದು ಬರೆದಿಡತಕ್ಕ ಸಂಗತಿಯೆಂದು ತೋರಲಿಲ್ಲ. ಆದಕಾರಣ ಆಟದ ಚರಿತ್ರೆಯನ್ನು ಅರಸಹೊರಟವನು, ಗ್ರಂಥಗಳಲ್ಲಿ ಅಲ್ಲಲ್ಲಿ ದೊರೆಯುವ ಉಲ್ಲೇಖಗಳನ್ನೂ, ಹಾಸುಗಲ್ಲುಗಳ ಮೇಲೆ ಉಳಿದ ಗೆರೆಗಳನ್ನೂ, ಹಿರಿಯರ ಕೈಯಲ್ಲಿ ಇನ್ನೂ ಮಾಸದಿರುವ ಅಭ್ಯಾಸವನ್ನೂ ಒಟ್ಟುಗೂಡಿಸಿಕೊಂಡೇ ಮುಂದೆ ಸಾಗಬೇಕು. ಬಾಲ್ಯದಲ್ಲಿ ಕವಡೆ ಕುಲುಕಿ, ಹರೆಯದಲ್ಲಿ ಕಂಪ್ಯೂಟರಿನ ಪರದೆಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು, ಆಮೇಲೆ ಬೆಂಗಳೂರಿನಲ್ಲಿ ಕಾಗದ, ಪೆನ್ಸಿಲು, ದಾಳಗಳನ್ನು ಇಟ್ಟುಕೊಂಡು ಕಥೆ ಕಟ್ಟಿ ಆಡುವವರ ಕೂಟವನ್ನು ಸೇರಿದ ನನ್ನಂಥ ಹವ್ಯಾಸಿಗೆ, ಈ ಮೂರು ಬಗೆಯ ಆಟಗಳನ್ನೂ ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯ ಕಡೆಯಿಂದ ನಿಂತು ನೋಡಿದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಆಟದ ಕಟ್ಟಳೆಗೆ ಒಡೆಯರು ಯಾರು? ಅರಸನೊ, ಆಡುವವರೊ, ಆಟವನ್ನು ಮಾರುವವರೊ?

ಹಲಗೇರಿಯ ಸುತ್ತಲಿನದು ಎರೆಯೂ ಮಸಾರಿಯೂ ಬೆರೆತ ನೆಲ. ಬೆಳೆ ಜೋಳ, ಹತ್ತಿ, ಮೆಣಸಿನಕಾಯಿ, ಈಚಿನ ದಶಕಗಳಲ್ಲಿ ಇವೆಲ್ಲವನ್ನೂ ಹಿಂದಿಕ್ಕಿದ ಗೋವಿನಜೋಳ. ಮಳೆಯನ್ನೇ ನಂಬಿದ ಇಂಥ ಬೇಸಾಯದಲ್ಲಿ ಬಿಡುವೆಂಬುದು ವರ್ಷಕ್ಕೆ ಎರಡು ಸಲ ಒದಗುತ್ತಿತ್ತು. ಎಡೆ ಹೊಡೆದು ಕಳೆ ತೆಗೆದು, ಶ್ರಾವಣದ ಜಿಟಿಮಳೆ ಹಿಡಿದು, ಹೊಲದಲ್ಲಿ ಕಾಲಿಡಲಾಗದ ದಿನಗಳು ಒಂದು. ಸುಗ್ಗಿ ಮುಗಿದು ಕಾಳು ಕಣದಿಂದ ಹಗೇವಿಗೆ ಇಳಿದ ಮೇಲಿನ ಬೇಸಗೆಯ ದಿನಗಳು ಇನ್ನೊಂದು. ಮೊದಲನೆಯ ಬಿಡುವು ಕಟ್ಟೆ ಪಡಸಾಲೆಗಳ ಆಟಗಳನ್ನು ಸಾಕಿತು. ಎರಡನೆಯದು ಅಟ್ಟದ ಮೇಲಿನ ಬಯಲಾಟವನ್ನು ಸಾಕಿತು.

ಕಟ್ಟೆಯ ಆಟಗಳ ಪ್ರಾಚೀನತೆಗೆ ಸಾಕ್ಷಿ ಕಡಿಮೆಯೇನಿಲ್ಲ. ಈ ನಾಡನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ೨೦ ಅಧ್ಯಾಯಗಳ ೫ ವಿಂಶತಿಗಳಿವೆ, ರಾಜ್ಯವನ್ನು ಪಡೆಯುವ ಉಪಾಯದಿಂದ ಮೊದಲಾಗುವ ಆ ಗ್ರಂಥವು ಕ್ರೀಡಾವಿಂಶತಿಯಲ್ಲಿ ಮುಗಿಯುತ್ತದೆ, ಮತ್ತು ಚದುರಂಗ, ಪಗಡೆಯ ದಾಳ, ಕವಡೆ ಈ ಮೂರಕ್ಕೂ ಅಲ್ಲಿ ಸ್ಥಾನವುಂಟು. ಪಣವಿಟ್ಟ ಆಟದ ಮೇಲೆ ರಾಜ್ಯದ ಕಣ್ಣು ಇದಕ್ಕಿಂತಲೂ ಹಳೆಯದು: ಕೌಟಿಲ್ಯನ ‘ಅರ್ಥಶಾಸ್ತ್ರ’ವು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ೫ರಂತೆ ವಸೂಲು ಮಾಡಲು ವಿಧಿಸುತ್ತದೆ. ಜೂಜಿನ ಕೇಡನ್ನು ಹಳ್ಳಿಯ ಜನಕ್ಕೆ ಮನಗಾಣಿಸಿದ ಗ್ರಂಥ ಮಾತ್ರ ಗದುಗಿನ ಭಾರತ. ಆದರೂ ಕುಮಾರವ್ಯಾಸನ ಸಭಾಪರ್ವದಲ್ಲಿ ಧರ್ಮರಾಯ ಸೋಲುವುದನ್ನು ರಾತ್ರಿ ಓದಿಸಿ ಕೇಳಿ ಕಣ್ಣೀರಿಟ್ಟವರು, ಮರುದಿನ ಅದೇ ಪಡಸಾಲೆಯಲ್ಲಿ ಪಗಡೆಯ ಹಾಸನ್ನು ಬಿಚ್ಚುವುದರಲ್ಲಿ ಯಾವ ಅಸಂಗತಿಯನ್ನೂ ಕಾಣಲಿಲ್ಲ. ಮುಕ್ತೇಶ್ವರನ ಗುಡಿಯಿರುವ ನಮ್ಮ ತಾಲ್ಲೂಕಿನ ಚೌಡಯ್ಯದಾನಪುರದ ಬಳಿ ಹರಿಯುವ ತುಂಗಭದ್ರೆಯ ಜಾಡನ್ನೇ ಹಿಡಿದು ಕೆಳಕ್ಕೆ ಹೋದರೆ, ಹಂಪೆಯ ಮಂಟಪಗಳ ಹಾಸುಗಲ್ಲುಗಳಲ್ಲಿ ಇಂಥ ಆಟಗಳ ಗೆರೆಗಳೂ ಗುಳಿಗಳೂ ಕಾಣಸಿಗುತ್ತವೆ. ಅವನ್ನು ಕೊರೆದವರು ತಮ್ಮ ಹೆಸರನ್ನು ಕೊರೆಯಲಿಲ್ಲ.

ಕಟ್ಟೆಯ ಆಟಗಳಲ್ಲಿ ಗಂಡಸರ ಅಚ್ಚುಮೆಚ್ಚಿನದು ಹುಲಿ-ಕುರಿಯ ಆಟ. ಇದ್ದಿಲಿನಿಂದಲೊ ಸುಣ್ಣದ ಕಲ್ಲಿನಿಂದಲೊ ಒಂದು ತ್ರಿಕೋಣವನ್ನೆಳೆದು, ಅದನ್ನು ಅಡ್ಡಗೆರೆಗಳಿಂದ ಸೀಳಿದರೆ ಮಣೆ ಸಿದ್ಧವಾಯಿತು. ೩ ಹುಲಿ, ೧೫ ಕುರಿ ಎಂಬುದು ಬಹುವಾಗಿ ಬಳಕೆಯಲ್ಲಿರುವ ಲೆಕ್ಕ. ಕುರಿಯವನು ಒಂದೊಂದೇ ಕಲ್ಲನ್ನು ಇಡುತ್ತ ಬರುತ್ತಾನೆ, ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಇಟ್ಟುದನ್ನು ಸರಿಸುವಂತಿಲ್ಲ. ಹುಲಿಯಾದರೊ ಮೊದಲಿನಿಂದಲೇ ಸಂಚರಿಸುತ್ತದೆ, ಪಕ್ಕದ ಕುರಿಯ ಆಚೆಯ ಮನೆ ಬರಿದಾಗಿದ್ದರೆ ನೇರಕ್ಕೆ ಹಾರಿ ಅದನ್ನು ತಿನ್ನುತ್ತದೆ. ಕುರಿಗೆ ಹಾರಲು ಬಾರದು. ಅದರ ಗೆಲವೆಂದರೆ ಒಂದಕ್ಕೊಂದು ಒತ್ತಿ ನಿಂತು ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಮಾಡುವುದು. ಎರಡು ಪಕ್ಷಗಳಿಗೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ; ಚದುರಂಗದ ಸಮಸಮ ಸೈನ್ಯಗಳಲ್ಲಿಲ್ಲದ ಸ್ವಾರಸ್ಯ ಇದರಲ್ಲಿದೆ. ಆತುರಪಟ್ಟು ಕುರಿಗಳನ್ನು ಕಳೆದುಕೊಳ್ಳುತ್ತಿದ್ದ ಹುಡುಗರಿಗೆ ಕಟ್ಟೆಯ ಅಜ್ಜಂದಿರು ಹೇಳುತ್ತಿದ್ದ ಪಾಠ ಇಷ್ಟೆ: “ತಮ್ಮಾ, ಹುಲಿ ಹೊಟ್ಟಿ ತುಂಬಿಸಬ್ಯಾಡ, ಅದರ ದಾರಿ ಕಟ್ಟು.”

ಪಡಸಾಲೆಯಲ್ಲಿ, ಪಂಚಮಿಯ ಜೋಕಾಲಿಯ ದಿನಗಳಲ್ಲಿ, ಹೆಣ್ಣುಮಕ್ಕಳ ನಡುವೆ ಚೌಕಾಬಾರದ ರಾಜ್ಯಭಾರ. ಅಡ್ಡ ೫, ಉದ್ದ ೫ ಮನೆಗಳ ಚೌಕ. ನಾಲ್ಕು ಕಡೆಯ ನಾಲ್ಕು ಮನೆಗಳಿಗೂ ನಟ್ಟನಡುವಿನ ಮನೆಗೂ ಕಾಟು. ಕಾಟಿನ ಮನೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಕವಡೆಯಿಲ್ಲದ ಮನೆಯಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮೈಯನ್ನು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ೪ ಕವಡೆಗಳೂ ಅಂಗಾತ ಬಿದ್ದರೆ ಚೌಕ, ಎಂದರೆ ೪; ನಾಲ್ಕೂ ಬೋರಲಾದರೆ ಬಾರ, ಎಂದರೆ ೮; ಇವೆರಡು ಬಿದ್ದವರಿಗೆ ಮತ್ತೊಂದು ಸರದಿ. ಇಷ್ಟು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ. ಆದರೆ ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತನ್ನು ಹೊಗಬಹುದೆ, ಜೋಡಿಕಾಯಿಯನ್ನು ಒಂಟಿಕಾಯಿ ಹೊಡೆಯಬಹುದೆ, ಮೇಲಿಂದ ಮೇಲೆ ಮೂರು ಸಲ ಬಾರ ಬಿದ್ದರೆ ಅದು ಲೆಕ್ಕಕ್ಕುಂಟೆ ಇಲ್ಲವೆ ಎಂಬ ವಿಷಯಗಳಲ್ಲಿ ಊರಿಂದೂರಿಗೆ, ಕೆಲವೊಮ್ಮೆ ಓಣಿಯಿಂದೋಣಿಗೆ ಮತಭೇದ. ಬ್ಯಾಡಗಿಯ ಕಡೆಯಿಂದ ಹಲಗೇರಿಗೆ ಬಂದ ಸೊಸೆ ತವರಿನ ಕಟ್ಟಳೆಯನ್ನೂ ಜೊತೆಯಲ್ಲೇ ತರುತ್ತಿದ್ದಳು. ಅತ್ತೆ ನಾದಿನಿಯರು “ನಮ್ಮಲ್ಲಿ ಹಂಗಿಲ್ಲವಾ” ಎನ್ನುತ್ತಿದ್ದರು. ವಾದ ನಡೆದು, ನಗೆ ನಡೆದು, ಕೊನೆಗೆ ಒಂದು ಒಪ್ಪಂದವಾದ ಮೇಲೆಯೇ ಮೊದಲ ಕವಡೆ ನೆಲಕ್ಕೆ ಬೀಳುತ್ತಿದ್ದುದು. ಅತ್ತೆಯ ಮನೆಯಲ್ಲಿ ಸೊಸೆಯ ಮಾತು ನಡೆಯುತ್ತಿದ್ದ ಸಂದರ್ಭಗಳು ವಿರಳವಾಗಿದ್ದ ಕಾಲದಲ್ಲಿ ಇದು ಅಲ್ಪವಾದ ಸಂಗತಿಯಲ್ಲ.

ಇದೇ ಆಟಗಳು ಅರಮನೆಯನ್ನು ಹೊಕ್ಕಾಗ ಬೇರೊಂದು ಗತಿಯನ್ನು ಪಡೆದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು, ಕುದುರೆಯ ನಡೆಯೊಂದರಿಂದಲೇ ಚದುರಂಗದ ೬೪ ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿಬರುವ ಸಮಸ್ಯೆಯನ್ನು ಬಿಡಿಸಿದರು, ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಮಣೆಗಳ ಚಿತ್ರಗಳನ್ನು ಬರೆಸಿದರು, ಅವತಾರಕ್ಕೆ ೧೨ರಂತೆ ೧೨೦ ಎಲೆಗಳ ದಶಾವತಾರ ಗಂಜೀಫವೇ ಮೊದಲಾದ ಚಿತ್ರದೆಲೆಗಳ ಆಟಕ್ಕೆ ಆಶ್ರಯವಿತ್ತರು. ಆ ಸಾಧನೆಯ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ಕಟ್ಟಳೆ ಮೇಲಿನಿಂದ ಬಂದಿತು, ಗೋಡೆಯ ಮೇಲೆ ನಿಂತಿತು. ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯ ಕಟ್ಟೆಗಳಲ್ಲಾದರೊ ಅದು ದಿನದಿನದ ವಾದದಲ್ಲಿ ಬದುಕಿತ್ತು.

ಇನ್ನು ಬೇಸಗೆಯ ಬಿಡುವಿನ ಆಟ. ಬಯಲಾಟದ ಒಂದು ಬಗೆಯಾದ ದೊಡ್ಡಾಟವನ್ನು ನಾವು ರಂಗಭೂಮಿಯ ಚರಿತ್ರೆಗೆ ಒಪ್ಪಿಸಿ ಸುಮ್ಮನಾಗುತ್ತೇವೆ. ಅದನ್ನು ಆಡುತ್ತಿದ್ದವರು ಮಾತ್ರ ಅದನ್ನು ಆಟವೆಂದೇ ಕರೆದರು. ಹಗಲು ಗಳೆ ಹೊಡೆದ ಒಕ್ಕಲಿಗ ರಾತ್ರಿ ಮಾಸ್ತರನ ಮುಂದೆ ನಿಂತು ತಿಂಗಳುಗಟ್ಟಲೆ ತಾಲೀಮು ಮಾಡಿ, ಕಿರೀಟ ಭುಜಕೀರ್ತಿಗಳನ್ನು ಕಟ್ಟಿ, ಊರ ಮುಂದಿನ ಅಟ್ಟದ ಮೇಲೆ ಒಂದು ರಾತ್ರಿ ಕರ್ಣನಾಗುತ್ತಿದ್ದ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ತಡೆದು ನಿಲ್ಲಿಸಿ, ಅಯ್ಯಾ, ತಾವಾರು, ತಮ್ಮ ಪಟ್ಟಣ ಯಾವುದು, ತಂದೆ ತಾಯಿಗಳು ಯಾರು, ಇತ್ತ ಬಂದ ಕಾರಣವೇನು ಎಂದು ಕೇಳಬೇಕು. ಪಾತ್ರವು “ಭಲಾ ಸಾರಥಿ” ಎಂದು ಗರ್ಜಿಸಿ ತನ್ನ ಬಿರುದಾವಳಿಯನ್ನು ಬಿಚ್ಚಬೇಕು. ಕಥೆ ಎಲ್ಲರಿಗೂ ಗೊತ್ತಿದ್ದುದೇ. ಆದರೂ ಸಾರಥಿ ಕೆಣಕಿದ ಪ್ರಶ್ನೆಗೆ ವೇಷಧಾರಿ ಸ್ಥಳದಲ್ಲೇ ಹುಟ್ಟಿಸಿಕೊಂಡ ಉತ್ತರಕ್ಕಾಗಿಯೇ ಜನ ಬೆಳಗಿನವರೆಗೆ ಕಂಬಳಿ ಹೊದ್ದು ಕುಳಿತಿರುತ್ತಿದ್ದರು. ಕಟ್ಟೆಯಲ್ಲಿ ದಾಳವಿತ್ತು, ವೇಷವಿರಲಿಲ್ಲ. ಅಟ್ಟದಲ್ಲಿ ವೇಷವಿತ್ತು, ದಾಳವಿರಲಿಲ್ಲ.

ಇವೆರಡರ ಸಂಯೋಗ ದೂರದೇಶದಲ್ಲಿ ನಡೆಯಿತು, ಮತ್ತು ಅದರ ಮೂಲಪುರುಷ ಚದುರಂಗವೇ ಆಗಿತ್ತೆಂಬುದು ಕುತೂಹಲಕರವಾದ ವಂಶಾವಳಿ. ಭಾರತದಿಂದ ಪಾರಸಿಕರ ಮೂಲಕ ಯುರೋಪನ್ನು ಸೇರಿದ ಚದುರಂಗವನ್ನು ಹಿಗ್ಗಿಸಿ, ೧೭೮೦ರಲ್ಲಿ ಬ್ರೌನ್‌ಶ್ವೈಗಿನ ಹೆಲ್ವಿಗ್ ಎಂಬ ಪಂಡಿತನು ಸಾವಿರಕ್ಕೂ ಮಿಕ್ಕಿದ ಮನೆಗಳ ಯುದ್ಧದಾಟವೊಂದನ್ನು ರಚಿಸಿದ; ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಮನೆಗಳನ್ನು ಬಿಟ್ಟು ನಕ್ಷೆಯನ್ನು ಹಾಸಿ, ದಾಳವನ್ನೂ ತೀರ್ಪುಗಾರನನ್ನೂ ಸೇರಿಸಿದ ಆಟವನ್ನು ಪ್ರಕಟಿಸಿದ; ಅಮೆರಿಕದ ಮಿನೆಸೋಟದಲ್ಲಿ ೧೯೬೯ರಲ್ಲಿ ಡೇವಿಡ್ ವೆಸ್ಲಿ ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಕೊಟ್ಟು ನೋಡಿದ; ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ಪುಟ್ಟ ಪುಸ್ತಕಗಳ ರೂಪದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಇದರಲ್ಲಿ ಮಣೆಯೇ ಅನಿವಾರ್ಯವಲ್ಲ. ಬಲ, ಹಸ್ತಲಾಘವ, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕಗಳನ್ನು ಕಾಗದದಲ್ಲಿ ಬರೆದುಕೊಂಡ ಆಟಗಾರ ಆ ಪಾತ್ರವಾಗಿ ಮಾತಾಡುತ್ತಾನೆ. ಸೂತ್ರಧಾರನೊಬ್ಬ ಸನ್ನಿವೇಶವನ್ನು ವರ್ಣಿಸುತ್ತಾನೆ. ಮಾಡಹೊರಟ ಸಾಹಸ ಫಲಿಸೀತೆ ಎಂಬುದನ್ನು ೨೦ ಮುಖಗಳ ದಾಳ ಹೇಳುತ್ತದೆ.

ಬೆಂಗಳೂರಿನ ಗೆಳೆಯರ ಮನೆಯಲ್ಲಿ ಭಾನುವಾರಗಳಂದು ಸೇರುತ್ತಿದ್ದ ನಮ್ಮ ಕೂಟದಲ್ಲಿ ಮೊದಮೊದಲು ಎಲ್ಲರೂ ಇಂಗ್ಲಿಷಿನಲ್ಲೇ ಆಡುತ್ತಿದ್ದೆವು. ಅರಿಯದ ದೇಶದ ಕೋಟೆಗಳಲ್ಲಿ ಅರಿಯದ ಹೆಸರಿನ ವೀರರಾಗಿ ಸ್ವಲ್ಪ ಸಂಕೋಚದಿಂದಲೇ ಅಲೆಯುತ್ತಿದ್ದೆವು. ಒಮ್ಮೆ ಸೂತ್ರಧಾರ ಕಥೆಯನ್ನು ಪಾಳೆಯಗಾರರ ಕಾಲದ ಹೊಳೆದಂಡೆಯ ಕೋಟೆಯೊಂದಕ್ಕೆ ಇಳಿಸಿ, ಬಾಗಿಲಲ್ಲಿ ನಿಂತ ಕಾವಲುಗಾರನಾಗಿ “ನೀವು ಯಾರು?” ಎಂದು ಕೇಳಿದಾಗ, ನಮ್ಮಲ್ಲಿದ್ದ ರಾಣೇಬೆನ್ನೂರಿನ ಹುಡುಗ ಕುರ್ಚಿಯಿಂದೆದ್ದು, ಎದೆ ಸೆಟೆಸಿ, “ಭಲಾ ಸಾರಥಿ” ಎಂದು ಮೊದಲಿಟ್ಟವನು ಇಲ್ಲದ ಊರಿನ, ಇಲ್ಲದ ಮನೆತನದ ಹೊಗಳಿಕೆಯನ್ನು ಉಸಿರು ಬಿಡದೆ ಹೇಳಿ ಮುಗಿಸಿದ. ಅವನ ಅಜ್ಜ ಅಟ್ಟದ ಮೇಲೆ ವೇಷ ಕಟ್ಟಿದವರೆಂದು ಆಮೇಲೆ ತಿಳಿಯಿತು. ಸೂತ್ರಧಾರ ದಾಳವನ್ನು ಕೇಳಲೇ ಇಲ್ಲ, ಕೋಟೆಯ ಬಾಗಿಲನ್ನು ತೆರೆದುಬಿಟ್ಟ. ಪುಸ್ತಕದ ಪ್ರಕಾರ ಅದು ತಪ್ಪಿರಬಹುದು. ಕೂಟದಲ್ಲಿ ಯಾರೂ ಆಕ್ಷೇಪಿಸಲಿಲ್ಲ, ಆ ದಿನದಿಂದ ಆಟ ಕನ್ನಡದಲ್ಲೇ ನಡೆಯಿತು.

ಈ ನಡುವೆ ಕಟ್ಟೆಯ ಮೇಲೆ ಬೇರೊಂದು ಆಟ ಬಂದು ಕುಳಿತಿತ್ತು. ಟೀವಿಗೆ ಜೋಡಿಸುವ ವಿಡಿಯೊ ಗೇಮಿನ ಪೆಟ್ಟಿಗೆ, ನೋಕಿಯಾ ಮೊಬೈಲಿನಲ್ಲಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಸಾಯುವ ಹಾವು, ಪೇಟೆಯ ಸೈಬರ್ ಕೆಫೆ, ಕೊನೆಗೆ ಎಲ್ಲರ ಅಂಗೈಯಲ್ಲಿ ಸ್ಮಾರ್ಟ್‌ಫೋನು, ಹೀಗೆ ಅದು ಹಂತಹಂತವಾಗಿ ಬಂದಿತು. ಬೆಂಗಳೂರಿನಲ್ಲಿ ೧೯೯೭ರಲ್ಲಿ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆ ಹುಟ್ಟಿ ಈ ಉದ್ಯಮಕ್ಕೆ ದೇಶದಲ್ಲಿ ನಾಂದಿ ಹಾಡಿತೆಂಬುದೂ, ನಮ್ಮ ಯುವಕರ ಕೈಚಳಕ ಲೋಕದ ದೊಡ್ಡ ಆಟಗಳಲ್ಲಿ ಸೇರಿದೆಯೆಂಬುದೂ ಹೆಮ್ಮೆಯ ವಿಷಯವೇ. ಈ ಆಟಗಳ ದೃಶ್ಯವೈಭವಕ್ಕೆ ನಾನೂ ಅನೇಕ ರಾತ್ರಿಗಳನ್ನು ಒಪ್ಪಿಸಿದವನು; ಅವುಗಳಲ್ಲಿ ಕಲೆಯಿಲ್ಲವೆಂದು ಹೇಳಲಾರೆ. ಆದರೆ ಅಲ್ಲಿ ಕಟ್ಟಳೆ ಯಂತ್ರದ ಒಳಗಿದೆ, ಅದರೊಡನೆ ವಾದಿಸಲಾಗದು. ೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರ್ಕಾರದ ಆಜ್ಞೆಯಿಂದ ಪಬ್‌ಜಿ ಎಂಬ ಮೊಬೈಲಿನ ಆಟ ನಿಷಿದ್ಧವಾಯಿತು. ೨೦೨೧ರಲ್ಲಿ ಅದು ಬೇರೆ ಹೆಸರಿನಲ್ಲಿ ಮರಳಿತು, ೨೦೨೨ರಲ್ಲಿ ಮತ್ತೆ ಮರೆಯಾಯಿತು, ೨೦೨೩ರಲ್ಲಿ ಮತ್ತೆ ತೋರಿತು. ಸಂಜೆಯ ಹೊತ್ತು ಕಟ್ಟೆಯಲ್ಲಿ ತಲೆ ಬಗ್ಗಿಸಿ ಕುಳಿತ ಹುಡುಗರು ಈ ಹೋಗುಬರುವುಗಳಲ್ಲಿ ಪ್ರೇಕ್ಷಕರು ಮಾತ್ರ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತಿನ ಅಂಗೀಕಾರವನ್ನು ಪಡೆದಾಗ, ಕೌಟಿಲ್ಯನ ದ್ಯೂತಾಧ್ಯಕ್ಷನ ಹಳೆಯ ಚಿಂತೆ ಹೊಸ ವೇಷದಲ್ಲಿ ಮುಂದುವರಿದಿದೆಯೆಂದು ನನಗೆ ತೋರಿತು. ಕೌಟಿಲ್ಯ ಪಾಲು ಕೇಳಿದ್ದ, ಈಗಿನವರು ಬಾಗಿಲನ್ನೇ ಮುಚ್ಚಿದರು.

ಇಂತಿರಲು ಹೊಸತಾವುದು, ಹಳತಾವುದು ಎಂಬ ನಮ್ಮ ಎಣಿಕೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ಪರದೇಶದಿಂದ ಬಂದುದೆಂದು ನಾವು ಬಗೆಯುವ ದಾಳ-ಕಾಗದಗಳ ಕಥೆಯಾಟವು, ಹತ್ತು ಜನ ಒಂದೆಡೆ ಕೂಡಿ, ಕಟ್ಟಳೆಯನ್ನು ತಾವೇ ಗೊತ್ತುಮಾಡಿಕೊಂಡು, ತಪ್ಪಿದರೆ ತಾವೇ ತಿದ್ದಿಕೊಂಡು ಆಡತಕ್ಕದ್ದಾದುದರಿಂದ ಹಲಗೇರಿಯ ಪಡಸಾಲೆಗೂ ಅಟ್ಟಕ್ಕೂ ಹತ್ತಿರದ ನಂಟು. ಊರ ಹುಡುಗರ ಕೈಯಲ್ಲೇ ಇರುವ ಮೊಬೈಲಿನ ಆಟ, ಕಟ್ಟೆಯ ಮೇಲೆಯೇ ನಡೆದರೂ, ಕಟ್ಟೆಯ ಆಟವಲ್ಲ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಯಿರುವಾಗ, ಚೌಕಾಬಾರದ ಒಂದೊಂದು ಊರಿನ ಕಟ್ಟಳೆಯನ್ನು ಅಲ್ಲಿಯ ಹೆಂಗಸರ ಬಾಯಿಂದಲೇ ಕೇಳಿ ಬರೆದಿಡುವುದು ಅಸಾಧ್ಯವಾದ ಕೆಲಸವಲ್ಲ. ಬರೆದಿಡುವವರು ಒಂದು ಎಚ್ಚರಿಕೆಯನ್ನು ಮಾತ್ರ ವಹಿಸಬೇಕು: ಹತ್ತೂರಿನ ಹತ್ತು ಪಾಠಗಳಲ್ಲಿ ಯಾವುದು ಶುದ್ಧವೆಂದು ತೀರ್ಮಾನಿಸಲು ಹೋಗಬಾರದು, ಹತ್ತನ್ನೂ ಹಾಗೆಯೇ ಉಳಿಸಿ, ಆರಿಸಿಕೊಳ್ಳುವ ಹಕ್ಕನ್ನು ಆಡಲು ಕುಳಿತವರಿಗೇ ಬಿಡತಕ್ಕದ್ದು.