ಅಝ್ಝಹ್ರಾವಿ ಮತ್ತು ಶಸ್ತ್ರಚಿಕಿತ್ಸೆಯ ಉಪಕರಣಗಳು

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಇಂದು ಎಲ್ಲರಿಗೂ ಪರಿಚಿತ. ಅದರ ಹಿಂದಿರುವ ಪ್ರಶ್ನೆ ಮಾತ್ರ ಹಳೆಯದು: ಕೈಗೆಟುಕದ ಜಾಗವನ್ನು ರೋಗಿಗೆ ಹೆಚ್ಚು ನೋವಾಗದಂತೆ ತಲುಪುವುದು ಹೇಗೆ?

ಸಾವಿರ ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಸ್ಲಿಮ್ ಸ್ಪೇನಿನ ಅಬುಲ್ ಕಾಸಿಮ್ ಅಝ್ಝಹ್ರಾವಿ ಪ್ರಮುಖರು. ಕುರ್ತುಬಾ ನಗರದ ಬಳಿಯ ಮದೀನತುಝ್ಝಹ್ರಾದವರಾದ ಅವರು 30 ಭಾಗಗಳ ‘ಅತ್ತಸ್ರೀಫ್’ ಎಂಬ ವೈದ್ಯಗ್ರಂಥವನ್ನು ರಚಿಸಿದರು. ತಮ್ಮ ನಾಡಿನಲ್ಲಿ ಶಸ್ತ್ರಚಿಕಿತ್ಸೆಯ ಜ್ಞಾನವು ಅಳಿದುಹೋಗುತ್ತಿದೆ ಎಂಬ ಕಳವಳ ಅವರಿಗಿತ್ತು. ಆದುದರಿಂದ ಕೊನೆಯ ಭಾಗವನ್ನು ಅದಕ್ಕೇ ಮೀಸಲಿಟ್ಟು, ಸುಮಾರು 200 ಉಪಕರಣಗಳನ್ನು ಚಿತ್ರಸಮೇತ ವಿವರಿಸಿದರು. ಮೂತ್ರನಾಳದಲ್ಲಿ ಸಿಲುಕಿದ ಕಲ್ಲನ್ನು, ಚರ್ಮವನ್ನು ಕೊಯ್ಯದೆಯೇ ಒಳಗಿನಿಂದ ಕೊರೆಯುವ ಸೂಕ್ಷ್ಮ ಬೈರಿಗೆ ಅವುಗಳಲ್ಲೊಂದು. ಕುರು ಸೀಳುವಾಗ ರೋಗಿ ಹೆದರದಿರಲೆಂದು ಅಡಗಿಸಿಟ್ಟುಕೊಳ್ಳುವ ಚಾಕು ಇನ್ನೊಂದು.

12ನೇ ಶತಮಾನದಲ್ಲಿ ಈ ಭಾಗವು ಲ್ಯಾಟಿನ್‌ಗೆ ಅನುವಾದಗೊಂಡು, ಯುರೋಪಿನ ವೈದ್ಯರಿಗೆ ಶತಮಾನಗಳ ಕಾಲ ಪಾಠವಾಯಿತು. 1980ರಲ್ಲಿ ಜರ್ಮನಿಯ ಕುರ್ಟ್ ಸೆಮ್ ಲ್ಯಾಪರೊಸ್ಕೋಪಿಯ ಮೂಲಕ ಅಪೆಂಡಿಕ್ಸ್ ತೆಗೆದರು. ಅದಕ್ಕೆ ಬೇಕಾದ ಹಲವು ಉಪಕರಣಗಳನ್ನು ಅವರೂ ತಾವೇ ರೂಪಿಸಿದ್ದರು. ವೈದ್ಯರಿಂದಲೇ ತೀವ್ರ ವಿರೋಧವನ್ನೂ ಎದುರಿಸಿದರು.

ಅಝ್ಝಹ್ರಾವಿ ತಮ್ಮ ಶಿಷ್ಯರನ್ನು ಮಕ್ಕಳೆಂದೇ ಸಂಬೋಧಿಸಿದರು. ತಮಗೆ ತಿಳಿದುದನ್ನು ಬಚ್ಚಿಡದೆ, ಇತರರೂ ನೋಡಿ ತಯಾರಿಸಿಕೊಳ್ಳುವಂತೆ ಬರೆದಿಟ್ಟರು. ರೋಗಿಯ ಮೇಲಿನ ಕರುಣೆ ಮತ್ತು ಜ್ಞಾನವನ್ನು ಹಂಚುವ ಔದಾರ್ಯ, ಇವೆರಡೂ ನಮ್ಮ ಮಕ್ಕಳಿಗೆ ದಾಟಬೇಕಾದ ಪರಂಪರೆ.