ತಂತಿ ಮೂಲಕ ತಿಳಿಸಬೇಕಾದ ರೋಗ

ಲೆಕ್ಕಪತ್ರ ನೋಡುವವನನ್ನು ಇತಿಹಾಸದ ಬಗ್ಗೆ ಮಾತನಾಡಲು ಕರೆದಿದ್ದೀರಿ. ನನಗೆ ಕುತೂಹಲ ಇರುವುದು ಒಂದೇ ಬಗೆಯ ಇತಿಹಾಸದಲ್ಲಿ: ತನಗೆ ನಷ್ಟ ತರುವ ಸಂಗತಿಯನ್ನು ಯಾರು, ಯಾವಾಗ, ಏಕೆ ಬಾಯಿಬಿಟ್ಟು ಹೇಳಿದರು? ಜಾನುವಾರು ರೋಗಗಳ ವಿಷಯದಲ್ಲಿ ಸರ್ಕಾರಗಳು ನೂರು ವರ್ಷಗಳಿಂದ ಈ ಕೆಲಸ ಮಾಡುತ್ತಿವೆ.

1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹೊರಟಿದ್ದ ಹಿಣಿಲಿನ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರನ್ನು ಹಾದುಹೋದವು. ಅವುಗಳ ಜೊತೆ ರಿಂಡರ್‌ಪೆಸ್ಟ್ ಕೂಡ ಅಲ್ಲಿ ಇಳಿಯಿತು. ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗ ಎನ್ನುತ್ತಿದ್ದರಲ್ಲ, ಅದೇ. ಜ್ವರ, ಬಾಯಿಹುಣ್ಣು, ಭೇದಿ, ಕೊನೆಗೆ ಖಾಲಿ ಕೊಟ್ಟಿಗೆ. ಪಶ್ಚಿಮ ಯುರೋಪು ಗಾಬರಿಯಾಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಸೇರಿದರು. 1924ರ ಜನವರಿ 25ರಂದು 28 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ ಒಂದು ಅಂತರರಾಷ್ಟ್ರೀಯ ಕಚೇರಿ ತೆರೆದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ವಿಶ್ವಸಂಸ್ಥೆ ಹುಟ್ಟುವುದಕ್ಕೆ 21 ವರ್ಷ ಮೊದಲೇ!

ಆ ಒಪ್ಪಂದದ ನಿಯಮಗಳನ್ನು ಓದಿದರೆ ನನ್ನಂಥವರಿಗೆ ಖುಷಿಯಾಗುತ್ತದೆ. ರೋಗವಿಲ್ಲದ ದೇಶದಲ್ಲಿ ದೊಡ್ಡರೋಗ ಅಥವಾ ಕಾಲುಬಾಯಿ ರೋಗದ ಮೊದಲ ಪ್ರಕರಣ ಕಂಡರೆ ಸರ್ಕಾರ ತಂತಿ ಕಳುಹಿಸಬೇಕು. ಒಟ್ಟು ಒಂಬತ್ತು ರೋಗಗಳ ಬಗ್ಗೆ, ಎಲ್ಲರೂ ಒಪ್ಪಿದ ಒಂದೇ ನಮೂನೆಯಲ್ಲಿ, ನಿಯಮಿತವಾಗಿ ವರದಿ ಕೊಡಬೇಕು. ಆದರೆ ಯಾವ ದೇಶದ ಆಡಳಿತದಲ್ಲೂ ಕಚೇರಿ ಕೈಹಾಕುವಂತಿಲ್ಲ. ಅಂದರೆ ವರದಿ ಉಂಟು, ಆಡಿಟ್ ಇಲ್ಲ. ಕಂಪನಿಗಳಿಗೆ ಇಂಥ ಸಲಿಗೆ ಕೊಟ್ಟರೆ ಏನಾಗುತ್ತದೆಂದು ಇಲ್ಲಿ ಕುಳಿತಿರುವ ನನ್ನ ವೃತ್ತಿಬಾಂಧವರಿಗೆ ಗೊತ್ತು.

ನಿಜ ಹೇಳುವುದಕ್ಕೆ ಬೆಲೆಯೂ ಕಡಿಮೆಯಲ್ಲ. 2001ರ ಫೆಬ್ರವರಿ 20ರಂದು ನಾವಿರುವ ಈ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಖಚಿತವಾಯಿತು. ಮರುದಿನವೇ ಯುರೋಪಿಯನ್ ಒಕ್ಕೂಟ ಇಲ್ಲಿನ ಜಾನುವಾರು, ಮಾಂಸ, ಹಾಲಿನ ರಫ್ತು ನಿಲ್ಲಿಸಿತು. ಆದರೆ ರೋಗ ಅದಕ್ಕೂ ಮೊದಲೇ ನಾರ್ತಂಬರ್ಲೆಂಡಿನ ಹಂದಿ ಫಾರಂ ಒಂದರಲ್ಲಿ ವರದಿಯಾಗದೆ ಉಳಿದಿತ್ತು. ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಹೇಳಿದ್ದರ ನಷ್ಟ ಮರುದಿನವೇ ಕಾಣುತ್ತದೆ. ಹೇಳದೇ ಇದ್ದುದರ ನಷ್ಟ ನಿಧಾನವಾಗಿ, ಬಡ್ಡಿ ಸಮೇತ ಬರುತ್ತದೆ.

ದೊಡ್ಡರೋಗದ ಕೊನೆಯ ಅಧ್ಯಾಯ ನಮ್ಮವರದೂ ಹೌದು. ಒಪ್ಪಂದದ ಮರುವರ್ಷ, 1925ರಲ್ಲಿ, ಬೆಂಗಳೂರಿನಲ್ಲಿ ಈ ರೋಗಕ್ಕೆ ಸೀರಂ ತಯಾರಿಸಲು ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯಿತು. ಆಮೇಲೆ ದಶಕಗಳ ಕಾಲ ದೇಶದುದ್ದಕ್ಕೂ ಲಸಿಕೆ ಹಾಕಿದರು. ಕಷ್ಟ ಬಂದದ್ದು ರೋಗ ಹೋಯಿತು ಎಂದು ಸಾಬೀತುಪಡಿಸುವಾಗ. ಲಸಿಕೆ ಪಡೆದ ದನದ ರಕ್ತವೂ ರೋಗ ಬಂದು ಹೋದ ದನದ ರಕ್ತವೂ ಪರೀಕ್ಷೆಯಲ್ಲಿ ಒಂದೇ ರೀತಿ ಕಾಣುತ್ತಿದ್ದವು. ಹಾಗಾಗಿ ಮೊದಲು ಲಸಿಕೆಯನ್ನೇ ನಿಲ್ಲಿಸಬೇಕಿತ್ತು. ನಂತರ ಹಳ್ಳಿಹಳ್ಳಿ ಸುತ್ತಿ ರೋಗವನ್ನು ಹುಡುಕಬೇಕಿತ್ತು. ಕೈಯಲ್ಲಿದ್ದ ಗುರಾಣಿ ಕೆಳಗಿಟ್ಟು ಶತ್ರು ಇದ್ದಾನೆಯೇ ಎಂದು ನೋಡಿದಂತೆ. ಈ ಇತಿಹಾಸದಲ್ಲಿ ಇದಕ್ಕಿಂತ ಧೈರ್ಯದ ನಿರ್ಧಾರ ನನಗೆ ಕಂಡಿಲ್ಲ.

ಭಾರತದಲ್ಲಿ ಕೊನೆಯ ಪ್ರಕರಣ 1995ರದು. ಸೋಂಕುಮುಕ್ತ ದೇಶವೆಂಬ ಮಾನ್ಯತೆ ಸಿಕ್ಕಿದ್ದು 2006ರಲ್ಲಿ. 2011ರ ಮೇ 25ರಂದು ಪ್ಯಾರಿಸ್ಸಿನ ಅದೇ ಸಂಸ್ಥೆ ಇಡೀ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತೆಂದು ಸಾರಿತು. ವರದಿ ಮಾತ್ರ ಇನ್ನೂ ನಿಂತಿಲ್ಲ. ಪ್ರಯೋಗಾಲಯಗಳಲ್ಲಿ ವೈರಸ್ಸಿನ ದಾಸ್ತಾನು ಎಷ್ಟಿದೆ ಎಂದು ದೇಶಗಳು ಪ್ರತಿವರ್ಷ ತಿಳಿಸಬೇಕು. ಇಲ್ಲಿ ಸರ್ರೆಯಲ್ಲಿರುವ ಪರ್‌ಬ್ರೈಟ್ ಸಂಸ್ಥೆ ತನ್ನ ಬಳಿಯಿದ್ದ ದಾಸ್ತಾನನ್ನು 2019ರಲ್ಲಿ ಸುಟ್ಟುಹಾಕಿತು.