ಅಕ್ಷರದ ತಲೆಯ ಮೇಲೊಂದು ಪುಟ್ಟ ಅಕ್ಷರ

ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ತಮಿಳು ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಕಷ್ಟದ ಪದಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ಪುಟ್ಟ ಕನ್ನಡ ಅಕ್ಷರಗಳು ಇರುತ್ತವೆ. "ಹೀಗೆ ಬರೆದುಕೊಂಡರೆ ತಮಿಳು ಯಾವತ್ತೂ ಬರುವುದಿಲ್ಲ, ಅಳಿಸು" ಎನ್ನುವ ಹಿರಿಯರಿದ್ದಾರೆ. "ಬರೆದುಕೊಳ್ಳದೆ ಮಗು ಓದುವುದಾದರೂ ಹೇಗೆ?" ಎಂದು ಕೇಳುವವರೂ ಇದ್ದಾರೆ. ತಮಿಳುನಾಡು ತಮಿಳು ಕಲಿಕೆ ಕಾಯ್ದೆ ಬಂದದ್ದು 2006ರಲ್ಲಿ. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಏರುತ್ತಾ 2015-16ಕ್ಕೆ ಅದು ಹತ್ತನೇ ತರಗತಿಯನ್ನು ಮುಟ್ಟಿತು. ಅಂದಿನಿಂದ ಈ ಪೆನ್ಸಿಲ್ ಅಕ್ಷರಗಳ ಪ್ರಶ್ನೆ ನಮ್ಮಲ್ಲಿ ದೊಡ್ಡದಾಗಿದೆ. ಆದರೆ ಇದೇ ಜಗಳವನ್ನು ನಮಗಿಂತ ಬಹಳ ಮೊದಲೇ ಆಡಿ ಮುಗಿಸಿದ ದೇಶವೊಂದಿದೆ. ಅದು ಜಪಾನ್.

ಜಪಾನೀಯರು ಚೀನಾದಿಂದ ಪಡೆದ ಅಕ್ಷರಗಳಿಗೆ ಕಾಂಜಿ ಎನ್ನುತ್ತಾರೆ. ಕಾಂಜಿಯನ್ನು ನೋಡಿದರೆ ಅರ್ಥ ಹೊಳೆಯಬಹುದು, ಉಚ್ಚಾರ ತಿಳಿಯುವುದಿಲ್ಲ. ಹುಟ್ಟು, ಬದುಕು ಎಂಬ ಅರ್ಥದ ಒಂದೇ ಕಾಂಜಿಯನ್ನು ಒಂದು ಕಡೆ 'ಇಕಿರು' ಎಂಬ ಪದದಲ್ಲಿ, ಇನ್ನೊಂದು ಕಡೆ 'ಉಮರೆರು' ಎಂಬ ಪದದಲ್ಲಿ, ಮತ್ತೊಂದು ಕಡೆ 'ನಮ' ಎಂದು ಓದಬೇಕು. ಗುರು ಎಂಬರ್ಥದ 'ಸೆನ್ಸೇ' ಪದದಲ್ಲಿ ಅದೇ ಅಕ್ಷರ 'ಸೇ' ಆಗುತ್ತದೆ. ಅದಕ್ಕೇ ಕಾಂಜಿಯ ಮೇಲೆ ಅಥವಾ ಪಕ್ಕದಲ್ಲಿ ಉಚ್ಚಾರ ತಿಳಿಸುವ ಪುಟ್ಟ ಅಕ್ಷರಗಳನ್ನು ಅಚ್ಚು ಹಾಕುತ್ತಾರೆ. ಇದರ ಹೆಸರು ಫುರಿಗಾನ. ಸುಮಾರು 9ನೇ ಶತಮಾನದಲ್ಲಿ ಬೌದ್ಧ ಭಿಕ್ಷುಗಳು ಚೀನೀ ಗ್ರಂಥಗಳನ್ನು ಓದುವಾಗ ಸಾಲುಗಳ ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆ ಗುರುತುಗಳಿಂದಲೇ ಕಟಕಾನ ಎಂಬ ಲಿಪಿ ಬೆಳೆಯಿತು. ಓದುವವನು ತನಗಾಗಿ ಗೀಚಿಕೊಂಡ ಗುರುತು ಒಂದು ನಾಡಿನ ಲಿಪಿಯೇ ಆಯಿತು!

ಜಪಾನಿನಲ್ಲೂ ವಿರೋಧ ಬಂತು. ಒಂದು ಅಕ್ಷರವನ್ನು ಓದಲು ಪಕ್ಕದಲ್ಲಿ ಇನ್ನೊಂದು ಅಕ್ಷರ ಬೇಕಾಗುವುದು ನಾಗರಿಕ ದೇಶಕ್ಕೆ ತಕ್ಕುದಲ್ಲ ಎಂದು 1938ರಲ್ಲಿ ಕಾದಂಬರಿಕಾರ ಯಮಾಮೊಟೊ ಯೂಜೊ ವಾದಿಸಿದರು. 1946ರಲ್ಲಿ ಸರ್ಕಾರ 1850 ಕಾಂಜಿಗಳ ಪಟ್ಟಿ ಮಾಡಿ, ಇವಿಷ್ಟನ್ನೇ ಬಳಸಿ, ಫುರಿಗಾನ ಸಾಮಾನ್ಯವಾಗಿ ಬೇಡ ಎಂದಿತು. ಆದರೂ ಫುರಿಗಾನ ಸಾಯಲಿಲ್ಲ. ಮಕ್ಕಳ ಪುಸ್ತಕಗಳಲ್ಲಿ, ಚಿತ್ರಕಥೆಗಳಲ್ಲಿ ಉಳಿಯಿತು. ಪಟ್ಟಿಯೂ ಹಿಗ್ಗಿ 1981ರಲ್ಲಿ 1945, 2010ರಲ್ಲಿ 2136 ಕಾಂಜಿಗಳಾದವು.

ನಮ್ಮ ಮಕ್ಕಳ ತೊಂದರೆಯೂ ಇದಕ್ಕೆ ಹತ್ತಿರದ್ದೇ. ಕನ್ನಡದಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಬೇರೆ ಬೇರೆ ಅಕ್ಷರ. ತಮಿಳಿನಲ್ಲಿ ಈ ಜಾಗದಲ್ಲಿ ಒಂದೇ ಅಕ್ಷರ. ಪದದ ಮೊದಲಲ್ಲಿ ಬಂದರೆ, ಒತ್ತಾಗಿ ಬಂದರೆ ಅದು ಕ. ಅನುನಾಸಿಕದ ನಂತರ ಗ. ಎರಡು ಸ್ವರಗಳ ನಡುವೆ ಮೆತ್ತಗಾಗುತ್ತದೆ. 'ತಮ್ಪಿ' ಎಂದು ಬರೆದದ್ದನ್ನು ತಂಬಿ ಎಂದು ಓದುವುದು ಹೀಗೆ. ಇದು ನಿಯಮ, ಕಲಿಸಬಹುದು. ಆದರೆ ಊರ ಹೆಸರು, ಜನರ ಹೆಸರು ಬಂದಾಗ ನಿಯಮ ಕೈಕೊಡುತ್ತದೆ. ಹೊಸೂರಿನ ಪಕ್ಕದ ಬಾಗಲೂರನ್ನು ತಮಿಳಿನಲ್ಲಿ 'ಪಾಕಲೂರ್' ಎಂದು ಬರೆಯುತ್ತಾರೆ. ನಡುವಿನ ಕ ನಿಯಮದಂತೆ ಗ ಆಗುತ್ತದೆ, ಮೊದಲಿನ ಪ ಮಾತ್ರ ಬ ಆಗುವುದನ್ನು ಯಾರಾದರೂ ಹೇಳಿಕೊಡಲೇಬೇಕು. ಗಾಂಧಿ ಎಂಬ ಹೆಸರೂ ಅಷ್ಟೇ, ಬರೆಯುವುದು 'ಕಾನ್ತಿ'. ಅಂದರೆ ಇಲ್ಲಿಯೂ ಉಚ್ಚಾರ ಪೂರ್ತಿಯಾಗಿ ಅಕ್ಷರದೊಳಗಿಲ್ಲ.

ತಮಿಳರೇ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ತಮಿಳು ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಸ್ತೋತ್ರದ ಪುಸ್ತಕಗಳಲ್ಲಿ ಕ ಅಕ್ಷರದ ಪಕ್ಕದಲ್ಲಿ ಪುಟ್ಟದಾಗಿ 2 ಎಂದಿದ್ದರೆ ಖ, 3 ಎಂದಿದ್ದರೆ ಗ, 4 ಎಂದಿದ್ದರೆ ಘ ಎಂದು ಓದಿಕೊಳ್ಳುತ್ತಾರೆ. ಇದೂ ಒಂದು ಫುರಿಗಾನವೇ ಅಲ್ಲವೆ? ಇತ್ತ ಕರ್ನಾಟಕದ ಶ್ರೀವೈಷ್ಣವರಿಗಾಗಿ ಆಳ್ವಾರರ ತಮಿಳು ಪಾಶುರಗಳು ಕನ್ನಡ ಲಿಪಿಯಲ್ಲಿ ಅಚ್ಚಾಗಿವೆ. ಅವನ್ನು ನೋಡಿ ಓದುವವರನ್ನು ಯಾರೂ ಹೀಗಳೆದದ್ದಿಲ್ಲ.

ಇನ್ನೊಂದು ಸ್ವಾರಸ್ಯದ ವಿಷಯವಿದೆ. ತಮಿಳು ಕಲಿಯುವ ಮಕ್ಕಳು ಹೆಚ್ಚು ತಪ್ಪು ಮಾಡುವುದು ಎರಡು ಬಗೆಯ ಳಕಾರಗಳಲ್ಲಿ. ಒಂದು ನಮ್ಮ ಳ. ಇನ್ನೊಂದು ತಮಿಳು ಎಂಬ ಹೆಸರಿನಲ್ಲೇ ಇರುವ ೞ. ಈ ೞ ನಮಗೆ ಪರಕೀಯವಲ್ಲ. ಹಳಗನ್ನಡದಲ್ಲಿ ಮಳೆ 'ಮೞೆ', ಬಾಳೆ 'ಬಾೞೆ', ಏಳು 'ಏೞ್'. ತಮಿಳಿನಲ್ಲಿ ಇಂದಿಗೂ 'ಮೞೈ', 'ವಾೞೈ', 'ಏೞು'. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಮುಂದೆ ಆ ಅಕ್ಷರ ಬಳಕೆಯಿಂದ ಬಿಟ್ಟುಹೋಯಿತು. ಯೂನಿಕೋಡಿನಲ್ಲಿ ಅದಕ್ಕೆ ಈಗಲೂ ಜಾಗವಿದೆ. ಪೆನ್ಸಿಲಿನಲ್ಲಿ ಬರೆದುಕೊಳ್ಳುವಾಗ 'ಮಳೈ' ಎನ್ನುವ ಬದಲು 'ಮೞೈ' ಎಂದು ಬರೆದುಕೊಂಡರೆ ಮಗುವಿಗೆ ತಮಿಳಿನ ಕಾಗುಣಿತವೂ ನೆನಪಿರುತ್ತದೆ, ಹಳಗನ್ನಡದ ಪರಿಚಯವೂ ಆಗುತ್ತದೆ.

ಹಾಗಾದರೆ ಅಳಿಸು ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆ? ಇದೆ. ಇಡೀ ಪಾಠದ ಮೇಲೆ ಕನ್ನಡ ಬರೆದುಕೊಂಡ ಮಗುವಿನ ಕಣ್ಣು ಕನ್ನಡದ ಮೇಲೇ ಓಡುತ್ತದೆ, ಕೆಳಗಿನ ತಮಿಳಿಗೆ ಇಳಿಯುವುದಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮೇಲೆ ಯಾರೂ ಕನ್ನಡ ಬರೆದುಕೊಡುವುದಿಲ್ಲ. ಇದಕ್ಕೂ ಜಪಾನಿನಲ್ಲಿ ದಾರಿಯಿದೆ. ಅಲ್ಲಿನ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1026 ಕಾಂಜಿಗಳನ್ನು ಕಲಿಸುತ್ತಾರೆ. ಪಠ್ಯದಲ್ಲಿ ಫುರಿಗಾನ ಇರುವುದು ಇನ್ನೂ ಕಲಿಸದ ಕಾಂಜಿಗೆ ಮಾತ್ರ. ಕಲಿತದ್ದರ ಮೇಲಿನದು ಮುಂದಿನ ಪಾಠಗಳಲ್ಲಿ ಮಾಯವಾಗುತ್ತದೆ. ಕಂಪ್ಯೂಟರಿನಲ್ಲಿ ಜಪಾನಿ ಕಲಿಯುವವರಿಗೂ ಇಂಥದೇ ಅನುಕೂಲವಿದೆ. ಗೊತ್ತಿಲ್ಲದ ಕಾಂಜಿಯ ಮೇಲೆ ಮೌಸ್ ಇಟ್ಟರೆ ಉಚ್ಚಾರ, ಅರ್ಥ ಮೂಡುತ್ತವೆ, ತೆಗೆದರೆ ಮರೆಯಾಗುತ್ತವೆ. ಇಂಥ ಹಲವು ಸಾಧನಗಳ ಹಿಂದಿರುವುದು ಆಸ್ಟ್ರೇಲಿಯಾದ ಜಿಮ್ ಬ್ರೀನ್ ಅವರು 1991ರಲ್ಲಿ ಆರಂಭಿಸಿದ ನಿಘಂಟು.

ಇದನ್ನು ನಮ್ಮ ತರಗತಿಗಳಲ್ಲೂ ಮಾಡಬಹುದು. ಮೊದಲು ಮಗು ತಾನೇ ಓದಲಿ. ತಡವರಿಸಿದ ಪದಕ್ಕೆ ಮಾತ್ರ ಮೇಲೆ ಕನ್ನಡ ಬರೆದುಕೊಳ್ಳಲಿ. ಬಾಗಲೂರಿನಂಥ ಹೆಸರುಗಳಿಗೆ ಪದವಿಡೀ ಬೇಡ, ಮೊದಲ ಅಕ್ಷರಕ್ಕಷ್ಟೇ 'ಬ' ಎಂದು ಬರೆದರೂ ಸಾಕು. ವಾರ ಕಳೆದು ಅದೇ ಪಾಠವನ್ನು ಮತ್ತೆ ಓದಿಸಿ, ಬಂದ ಪದಗಳ ಮೇಲಿನದನ್ನು ಮಗುವಿನ ಕೈಯಲ್ಲೇ ಅಳಿಸಿಸೋಣ. ಪೆನ್ಸಿಲಿನಲ್ಲೇ ಬರೆಸಬೇಕು, ಪೆನ್ನು ಬೇಡ. ಮನೆಯಲ್ಲಿ ತಂದೆತಾಯಿಗಳೂ ಪುಸ್ತಕದಲ್ಲಿ ಈ ಅಕ್ಷರಗಳನ್ನು ಕಂಡ ಕೂಡಲೇ ಗದರಬಾರದು. ಹೋದ ತಿಂಗಳಿಗಿಂತ ಈ ತಿಂಗಳು ಅವು ಎಷ್ಟು ಕಡಿಮೆಯಾಗಿವೆ ಎಂದು ಎಣಿಸಿ ನೋಡಿದರೆ ಮಗು ಎಷ್ಟು ಕಲಿತಿದೆ ಎಂಬುದು ಅವರಿಗೇ ತಿಳಿಯುತ್ತದೆ.